ಧರ್ಮಕ್ಕೆ ಸಿಗುವ ಸಾಫ್ಟ್‌ವೇರ್

"ಎಂತ ಮಾರಾಯ್ರೆ, ಇದು ಧರ್ಮಕ್ಕಾ? ಮತ್ತೆ ನಿಮಗೆ ಎಂತ ಲಾಭ?"

ಹಂಪನಕಟ್ಟೆಯ ಹತ್ತಿರ ಡಿಟಿಪಿ ಅಂಗಡಿ ಇಟ್ಟಿರುವ ಗೆಳೆಯರೊಬ್ಬರು ಹೀಗೆ ಕೇಳಿದರು. ಮಂಗಳೂರಲ್ಲಿ ದುಡ್ಡಿಲ್ಲದೆ ಸಿಗುವುದೆಲ್ಲ 'ಧರ್ಮಕ್ಕೆ'. ಅವರ ಕಂಪ್ಯೂಟರಿನಲ್ಲಿ ಇಪ್ಪತ್ತು ವರ್ಷದ ಬ್ರಹ್ಮಕಲಶೋತ್ಸವದ ಆಮಂತ್ರಣಗಳು, ಸ್ಮರಣ ಸಂಚಿಕೆಗಳು, ಯಕ್ಷಗಾನದ ಹ್ಯಾಂಡ್‌ಬಿಲ್ಲುಗಳು ಇವೆ. ಎಲ್ಲವೂ 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ. ಅದನ್ನೇ ವಾಟ್ಸ್ಯಾಪ್‌ನಲ್ಲಿ ಕಳಿಸಿ ಅನ್ನುತ್ತಾರೆ ಗಿರಾಕಿಗಳು. ಕಾಪಿ ಮಾಡಿ ಹಾಕಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಸ ಬೀಳುತ್ತದೆ. ಆ ಕಸವನ್ನು ಯೂನಿಕೋಡ್ ಕನ್ನಡಕ್ಕೆ, ಅಂದರೆ ಎಲ್ಲ ಫೋನು, ಕಂಪ್ಯೂಟರುಗಳಿಗೂ ಅರ್ಥವಾಗುವ ಕನ್ನಡಕ್ಕೆ, ತರುವ ಪುಟ್ಟ ಪ್ರೋಗ್ರಾಂ ನನ್ನದು. ಹಗಲು ಗಿರಾಕಿಗಳ ಕೆಲಸ, ರಾತ್ರಿ ಇದು.

ಇಂಥ ಕನ್ವರ್ಟರ್‌ಗಳು ಮೊದಲೇ ಇವೆ, ಅಲ್ವಾ? ಇವೆ. ಆದರೆ ನನ್ನ ನಿದ್ದೆ ಕೆಡಿಸಿದ್ದು ಒಂದು ಪದ: 'ಸಾಮಥ್ರ್ಯ'. ನೀವೂ ನೋಡಿರುತ್ತೀರಿ. ಟೈಪ್ ಮಾಡಿದವರಿಗೆ ಕಾಗುಣಿತ ಬರುವುದಿಲ್ಲ ಅಂತ ಬೈದಿರುತ್ತೀರಿ. ಪಾಪ, ಅವರದ್ದೇನೂ ತಪ್ಪಿಲ್ಲ. ಅದು ಕನ್ವರ್ಟರ್‌ನ ಎಡವಟ್ಟು.

ಹಳೇ ಫಾಂಟುಗಳಲ್ಲಿ ಉಳಿಯುವುದು ಅಕ್ಷರವಲ್ಲ, ಅಕ್ಷರದ ಚಿತ್ರದ ತುಂಡುಗಳು. ಕಣ್ಣಿಗೆ ಕಾಣುವ ಕ್ರಮವೇ ಅಲ್ಲಿನ ಕ್ರಮ. 'ಕರ್ನಾಟಕ' ಅಂದರೆ ಅಲ್ಲಿ ಕ, ನಾ, ಅರ್ಕಾವತ್ತು, ಟ, ಕ. ಯೂನಿಕೋಡಿನಲ್ಲಿ ಬಾಯಲ್ಲಿ ಹೇಳುವ ಕ್ರಮ: ಕ, ರ್, ನಾ, ಟ, ಕ. ಹಾಗಾಗಿ ಅರ್ಕಾವತ್ತು ಸಿಕ್ಕಿದ ಕೂಡಲೇ ರ್ ಅನ್ನು ಎತ್ತಿ ಹಿಂದಕ್ಕೆ ಒಯ್ಯಬೇಕು. ಎಷ್ಟು ಹಿಂದಕ್ಕೆ? ಒಂದು ವ್ಯಂಜನ ಹಿಂದೆ ಅಂತ ಕೋಡ್ ಬರೆದರೆ ಕರ್ನಾಟಕ, ಸೂರ್ಯ, ಧರ್ಮ ಎಲ್ಲ ಸರಿ ಬರುತ್ತವೆ. ಪ್ರೋಗ್ರಾಮರ್ ಖುಷಿಯಲ್ಲಿ ಮಲಗುತ್ತಾನೆ. ಆದರೆ 'ಸಾಮರ್ಥ್ಯ'ದಲ್ಲಿ ಮೊದಲು ಥ, ಅದಕ್ಕೆ ಯ ಒತ್ತು, ಆಮೇಲೆ ಅರ್ಕಾವತ್ತು. ಒಂದೇ ಹೆಜ್ಜೆ ಹಿಂದೆ ಹೋದ ರ್, ಥ ಮತ್ತು ಯ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಅರ್ಘ್ಯ 'ಅಘ್ರ್ಯ' ಆಗುವುದು, ಮರ್ತ್ಯ 'ಮತ್ರ್ಯ' ಆಗುವುದು ಹೀಗೆಯೇ. ಒತ್ತುಗಳನ್ನೆಲ್ಲ ದಾಟಿ ಅಕ್ಷರದ ಬುಡದವರೆಗೆ ಹೋಗಿ ಅಂತ ಹೇಳಿದರೆ ಸಾಕು. ನಾಲ್ಕು ಸಾಲಿನ ರಿಪೇರಿ. ಆ ನಾಲ್ಕು ಸಾಲಿಗೆ ಯಾರ ಹತ್ತಿರ ಏನಂತ ದುಡ್ಡು ಕೇಳುವುದು?

ಧರ್ಮಕ್ಕೆ ಕೊಡುವುದು ಈ ಕಡೆಯವರಿಗೆ ಹೊಸತೂ ಅಲ್ಲ. ಎಫ್ ಒತ್ತಿ ಒತ್ತಕ್ಷರ ತರುವ ಕೀಲಿಮಣೆ ಇದೆಯಲ್ಲ, ಅದು ಕಿನ್ನಿಕಂಬಳದ ಕೆ.ಪಿ. ರಾಯರು ಮಾಡಿದ್ದು. ಅವರು ಕನ್ನಡ ಟೈಪ್ ಮಾಡುವ ತಮ್ಮ 'ಸೇಡಿಯಾಪು' ತಂತ್ರಾಂಶವನ್ನೂ ಮಾರದೆ ಹಂಚಿದವರು.

ಆದರೆ 'ಧರ್ಮಕ್ಕೆ' ಅಂದರೆ ಅರ್ಧ ವಿಷಯ ಮಾತ್ರ ಹೇಳಿದ ಹಾಗೆ. ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಸಾಫ್ಟ್‌ವೇರ್ ಬೇಕು ಅಂತ ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದಂದಿನಿಂದ ಇಂಗ್ಲಿಷಿನವರಿಗೆ 'ಫ್ರೀ' ಪದ ಒಂದು ತಲೆನೋವು: ದುಡ್ಡಿಲ್ಲದ್ದೂ ಅದೇ, ಸ್ವಾತಂತ್ರ್ಯ ಇರುವುದೂ ಅದೇ. ನಮಗೆ ಆ ಕಷ್ಟವಿಲ್ಲ. ಪುಕ್ಕಟೆ ಬೇರೆ, ಮುಕ್ತ ಬೇರೆ. ನಮ್ಮ 1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಕಥೆ, ಕವಿತೆಯ ಸಾಲಿನಲ್ಲೇ ಕೂರಿಸಿದೆ. ಅಂದರೆ ಕೋಡನ್ನು ಸುಮ್ನೆ ಇಂಟರ್‌ನೆಟ್ಟಿಗೆ ಹಾಕಿದರೆ ಅದು ಮುಕ್ತ ಆಗುವುದಿಲ್ಲ. ನೋಡಬಹುದು ಅಷ್ಟೆ, ತಿದ್ದಿ ಹಂಚಲು ಅನುಮತಿ ಬೇಕು. ಕಾಲೇಜು ಹುಡುಗರು ಜಾಸ್ತಿ ಎಡವುವುದು ಇಲ್ಲೇ. ಪ್ರಾಜೆಕ್ಟ್ ಚೆನ್ನಾಗಿರುತ್ತದೆ, ಆ ಅನುಮತಿ ಬರೆದಿಡುವ ಲೈಸೆನ್ಸ್ ಫೈಲ್ ಇರುವುದಿಲ್ಲ. ಹೆಸರು ಉಳಿಸಿದರೆ ಸಾಕು, ಏನು ಬೇಕಾದರೂ ಮಾಡಿ ಅನ್ನುವವರಿಗೆ ಎಂಐಟಿ ಲೈಸೆನ್ಸ್ ಇದೆ. ನಾನು ಹಾಕಿದ್ದು ಜಿಪಿಎಲ್: ತಿದ್ದಿ ಬೇರೆಯವರಿಗೆ ಕೊಟ್ಟರೆ ಅವರಿಗೆ ಮೂಲ ಕೋಡನ್ನೂ ಕೊಡಬೇಕು.

ಕೆಲವು ವರ್ಷದ ಹಿಂದೆ ಒಂದು ಕಂಪನಿಯವರು ನನ್ನ ಪ್ರೋಗ್ರಾಮಿಗೆ ಬೇರೆ ಹೆಸರು ಅಂಟಿಸಿ ಪ್ರೆಸ್ಸಿನವರಿಗೆ ಮಾರುತ್ತಿದ್ದರು. ಗೊತ್ತಾದದ್ದು ಹೇಗೆ ಅಂದರೆ, ಸಹಾಯದ ಪುಟದಲ್ಲಿ ನಾನು ಮಾಡಿದ್ದ ಒಂದು ಕಾಗುಣಿತ ತಪ್ಪು ಅಲ್ಲೂ ಹಾಗೇ ಇತ್ತು. ಮಾರಿದರಲ್ಲ ಅಂತ ಗೆಳೆಯರಿಗೆಲ್ಲ ಸಿಟ್ಟು. ನನಗೆ ಮಾರಿದ್ದಕ್ಕೆ ತಕರಾರಿಲ್ಲ, ಜಿಪಿಎಲ್‌ನಲ್ಲಿ ಮಾರಬಹುದು. ಹೆಸರು ಅಳಿಸಿದ್ದು, ಕೊಂಡವರಿಗೆ ಕೋಡ್ ಕೊಡದೇ ಇದ್ದದ್ದು ತಪ್ಪು. ಪತ್ರ ಬರೆದೆ. ಉತ್ತರ ಬರಲಿಲ್ಲ. ಮುಂದಿನ ಆವೃತ್ತಿಯಲ್ಲಿ ಆ ಕಾಗುಣಿತ ಮಾತ್ರ ಸರಿಯಾಗಿತ್ತು.

ಇನ್ನು ಲಾಭದ ಪ್ರಶ್ನೆ. ನನಗೆ ಬರುವ ಮೆಸೇಜುಗಳಲ್ಲಿ ಮುಕ್ಕಾಲು ಪಾಲು 'ವರ್ಕ್ ಆಗ್ತಾ ಇಲ್ಲ ಸರ್' ಅಂತ. ಇದರಿಂದ ನಾನೇನು ಮಾಡಲಿ? ಕೆಲವರು ಮಾತ್ರ ಹಳೇ ಫೈಲಿನ ಆ ಒಂದು ಸಾಲು, ಬಂದದ್ದು ಏನು, ಬರಬೇಕಾದದ್ದು ಏನು, ಮೂರನ್ನೂ ಕಳಿಸುತ್ತಾರೆ. ಅಂಥ ಪ್ರತಿ ಪದವನ್ನೂ ಒಂದು ಪಟ್ಟಿಗೆ ಸೇರಿಸುತ್ತೇನೆ. ಹೊಸ ಆವೃತ್ತಿ ಹೊರಗೆ ಬಿಡುವ ಮೊದಲು ಪಟ್ಟಿಯ ಎಲ್ಲ ಪದಗಳೂ ಸರಿಯಾಗಿ ದಾಟಬೇಕು. ಒಂದು ತಪ್ಪಿದರೂ ಬಿಡುಗಡೆ ಇಲ್ಲ. ಪ್ರೋಗ್ರಾಂ ಎಂಟುನೂರು ಸಾಲಿನದ್ದು, ಪಟ್ಟಿ ಎರಡು ಸಾವಿರ ಪದ ದಾಟಿದೆ. ಕೋಡ್ ಕಳೆದುಹೋದರೆ ಒಂದು ವಾರದಲ್ಲಿ ಮತ್ತೆ ಬರೆದೇನು. ಆ ಪಟ್ಟಿ ಕಳೆದುಹೋದರೆ ನನ್ನ ಕಥೆ ಮುಗಿಯಿತು. ಮೂರು ಕಡೆ ಕಾಪಿ ಇಟ್ಟಿದ್ದೇನೆ.

ಡಿಟಿಪಿ ಗೆಳೆಯರಿಗೆ ಇದನ್ನು ಹೇಳಿದೆ. ಅವರು ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ. ಆದರೂ ಒಂದು ವಾರ ಬಿಟ್ಟು ಫೋನ್ ಬಂತು. ಒಂದು ಸ್ಮರಣ ಸಂಚಿಕೆಯಲ್ಲಿ 'ಮಂಗಳೂರು' ಅಂತ ಹುಡುಕಿದರೆ ಸಿಗುತ್ತಿಲ್ಲ, ಕಣ್ಣೆದುರೇ ಇದೆ! ಸಾಲು ತರಿಸಿ ನೋಡಿದೆ. ಟೈಪ್ ಮಾಡಿದವರು ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿದ್ದರು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಅಕ್ಷರದ ಪಕ್ಕ ಸೊನ್ನೆ ಬಂದರೆ ಅನುಸ್ವಾರ ಮಾಡು ಅಂತ ಬರೆದೆ. ಸಂಜೆ ಮತ್ತೆ ಫೋನ್: '೧೦ನೇ ವಾರ್ಷಿಕೋತ್ಸವ' ಈಗ '೧ಂನೇ ವಾರ್ಷಿಕೋತ್ಸವ' ಆಗಿದೆಯಂತೆ. ಪಕ್ಕ ಅಂದರೆ ಸಾಲದು, ಸೊನ್ನೆಯ ಹಿಂದೆ ಏನಿದೆ ಅಂತ ನೋಡಬೇಕಿತ್ತು. ಅಕ್ಷರ ಇದ್ದರೆ ಅನುಸ್ವಾರ, ಅಂಕಿ ಇದ್ದರೆ ಮುಟ್ಟಬಾರದು.

ಆ ರಾತ್ರಿ ಪಟ್ಟಿಗೆ ಎರಡೂ ಸೇರಿದವು.