ಒಂದೂವರೆ ತಿಂಗಳ ಮಗು ಗಂಟೆಗೊಮ್ಮೆ ಹಾಲಿಗೆ ಅಳುತ್ತಿದೆ, ನನ್ನ ಹಾಲು ಸಾಲುತ್ತಿಲ್ಲವೇ?

ಪ್ರಶ್ನೆ: ಬಾಣಂತನಕ್ಕೆ ತೀರ್ಥಹಳ್ಳಿ ಹತ್ತಿರದ ತವರಿಗೆ ಬಂದಿದೀನಿ. ಮಗಳಿಗೆ ಒಂದೂವರೆ ತಿಂಗಳು. ಮೊನ್ನೆವರೆಗೂ ಎರಡೂವರೆ ಗಂಟೆಗೊಮ್ಮೆ ಹಾಲು ಕುಡಿದು ಮಲಗ್ತಿದ್ದಳು. ಮೂರು ದಿನದಿಂದ ಗಂಟೆ ತುಂಬೋದ್ರೊಳಗೆ ಮತ್ತೆ ಅಳು. ಸಂಜೆ ಆರರಿಂದ ಹತ್ತರವರೆಗೆ ಮಡಿಲಿಂದ ಇಳಿಯೋದೇ ಇಲ್ಲ. ಮೊದಲಿನ ಹಾಗೆ ಎದೆ ಕಟ್ಟೋದೂ ನಿಂತಿದೆ. "ನಿನ್ನ ಹಾಲು ತೆಳು, ಡಬ್ಬಿ ಹಾಲು ಶುರು ಮಾಡು" ಅಂತಾರೆ ದೊಡ್ಡಮ್ಮ. ಏನು ಮಾಡ್ಲಿ?

ಉತ್ತರ: ಡಬ್ಬಿ ತರಿಸುವ ಮೊದಲು ಒಂದು ಲೆಕ್ಕ ಹಾಕಿ. ನಿನ್ನೆ ಬೆಳಗಿನಿಂದ ಇವತ್ತು ಬೆಳಗಿನವರೆಗೆ ಮಗಳು ಎಷ್ಟು ಸಲ ಉಚ್ಚೆ ಹೊಯ್ದಳು? ಮಳೆಗಾಲದಲ್ಲಿ ನಮ್ಮ ಕಡೆ ಈ ಲೆಕ್ಕ ಸುಲಭ. ಹೊರಗೆ ಬಟ್ಟೆ ಒಣಗುವುದಿಲ್ಲ, ಮಗುವಿನ ಬಟ್ಟೆಗಳೆಲ್ಲ ಬಚ್ಚಲ ಒಲೆ ಮೇಲಿನ ಗಳದಲ್ಲಿ ಕಣ್ಣೆದುರೇ ನೇತಾಡುತ್ತಿರುತ್ತವೆ. ಎದೆಹಾಲು ಬಿಟ್ಟು ಒಂದು ಹನಿ ನೀರನ್ನೂ ಕೊಡದೆ, 24 ಗಂಟೆಯಲ್ಲಿ ಆರು ಅಥವಾ ಹೆಚ್ಚು ಸಲ ಬಟ್ಟೆ ಒದ್ದೆಯಾಗಿ, ಉಚ್ಚೆ ತಿಳಿಯಾಗಿದ್ದರೆ ಹೊಟ್ಟೆಗೆ ಹಾಲು ಹೋಗುತ್ತಿದೆ. ಡೈಪರ್ ಹಾಕುತ್ತಿದ್ದರೆ ಲೆಕ್ಕ ತಪ್ಪುತ್ತದೆ, ಒಂದು ದಿನ ಬಟ್ಟೆ ಕಟ್ಟಿ ನೋಡಿ. ಕಕ್ಕದ ಲೆಕ್ಕ ಬೇಡ. ಈ ವಯಸ್ಸಿನಲ್ಲಿ ಎದೆಹಾಲಿನ ಮಗು ಮೂರ್ನಾಲ್ಕು ದಿನಕ್ಕೊಮ್ಮೆ ಹೋಗುವುದೂ ಉಂಟು.

ನೀವು ಬರೆದದ್ದನ್ನು ಓದಿದರೆ ವೈದ್ಯರು ಗ್ರೋತ್ ಸ್ಪರ್ಟ್ ಎನ್ನುವ ಅವಧಿಯೇ ಇದು ಅನ್ನಿಸುತ್ತದೆ. ಮಗು ಒಮ್ಮೆಲೇ ಬೆಳೆಯುವ, ಒಮ್ಮೆಲೇ ಹಸಿಯುವ ದಿನಗಳು. ಸಾಮಾನ್ಯವಾಗಿ ಎರಡು ಮೂರು ವಾರಕ್ಕೆ, ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಇದು ಕಾಣಿಸುತ್ತದೆ. ಎರಡು ಮೂರು ದಿನ ಇರುತ್ತದೆ, ಕೆಲವರಿಗೆ ವಾರ ಹಿಡಿಯುತ್ತದೆ. ಆದರೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕಾಯಬೇಡಿ, ಮಕ್ಕಳು ಹಾಗೆ ದಿನ ನೋಡಿ ಬೆಳೆಯುವುದಿಲ್ಲ. ಮಿಶೆಲ್ ಲ್ಯಾಂಪ್ಲ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ ಮತ್ತು ಸಂಗಡಿಗರು 31 ಶಿಶುಗಳ ಉದ್ದವನ್ನು ಮತ್ತೆ ಮತ್ತೆ ಅಳೆದು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದೇ: ಮಗು ದಿನವೂ ಇಷ್ಟಿಷ್ಟೇ ಉದ್ದವಾಗುವುದಿಲ್ಲ. ಎಷ್ಟೋ ದಿನ ಇದ್ದಲ್ಲೇ ಇದ್ದು, ಇದ್ದಕ್ಕಿದ್ದಂತೆ ಒಂದು ದಿನದಲ್ಲಿ ಬೆಳೆದುಬಿಡುತ್ತದೆ. ಆ ಜಿಗಿತಗಳು ಒಂದೊಂದು ಮಗುವಿಗೆ ಒಂದೊಂದು ಹೊತ್ತಿಗೆ.

ಈಗ ದೊಡ್ಡಮ್ಮನ ಮಾತಿಗೆ ಬರೋಣ. ಅವರು ಮಗುವಿನ ಮೇಲಿನ ಅಕ್ಕರೆಯಿಂದಲೇ ಹೇಳುತ್ತಿದ್ದಾರೆ. ಆದರೂ ಈ ಮೂರು ದಿನ ಆ ಮಾತು ಕೇಳಬೇಡಿ, ಯಾಕೆಂದರೆ ಎಷ್ಟೋ ಮನೆಗಳಲ್ಲಿ ಎದೆಹಾಲು ನಿಲ್ಲುವುದು ಇಲ್ಲಿಂದಲೇ. ಎದೆ ಹಂಡೆಯ ಹಾಗೆ ತುಂಬಿಟ್ಟುಕೊಂಡು ಬಗ್ಗಿಸುವುದಲ್ಲ, ತೆಗೆದಷ್ಟೂ ಊರುವ ಒರತೆ. ಹಾಲು ತುಂಬಿ ನಿಂತರೆ ಆ ಹಾಲಿನಲ್ಲಿರುವ ಒಂದು ಅಂಶವೇ "ಇನ್ನು ಸಾಕು" ಎಂದು ತಯಾರಿಕೆಯನ್ನು ತಗ್ಗಿಸುತ್ತದೆ. ಖಾಲಿಯಾದರೆ ವೇಗ ಹೆಚ್ಚುತ್ತದೆ. ನಿಮ್ಮ ಮಗಳು ಗಂಟೆಗೊಮ್ಮೆ ಚೀಪುತ್ತಿರುವುದು ಮುಂದಿನ ದಿನಗಳ ಹಾಲಿಗೆ ಈಗಲೇ ಬೇಡಿಕೆ ಇಟ್ಟ ಹಾಗೆ. ಆ ಹೊತ್ತಿಗೆ ಬಾಟಲಿ ಕೊಟ್ಟರೆ ಅವಳು ಮೂರು ಗಂಟೆ ಮಲಗುತ್ತಾಳೆ, ಮನೆಯವರೆಲ್ಲ "ನೋಡು, ಹೊಟ್ಟೆ ತುಂಬಿತು" ಎನ್ನುತ್ತಾರೆ. ಅದೇ ಮೂರು ಗಂಟೆ ನಿಮ್ಮ ಎದೆಗೆ ಬೇಡಿಕೆ ಬರಲಿಲ್ಲ. ಮರುದಿನ ಹಾಲು ತುಸು ಕಡಿಮೆ, ಆಗ ಇನ್ನೊಂದು ಬಾಟಲಿ. ಹತ್ತು ಹದಿನೈದು ದಿನ ಕಳೆಯುವುದರೊಳಗೆ ಹಾಲು ನಿಜವಾಗಿಯೂ ಸಾಲದಾಗುತ್ತದೆ, ಮೊದಲು ಹೇಳಿದ ಸುಳ್ಳು ಆಗ ಸತ್ಯವಾಗುತ್ತದೆ. ನನ್ನ ಮೊದಲ ಮಗನಿಗೆ ಹೀಗೇ ಆಯಿತು. ಸಾಗರದ ಮನೆ, ಆಷಾಢದ ಮಳೆ, ಆರು ವಾರದ ಮಗು, ಹೆದರಿ ಕೊಟ್ಟ ಒಂದು ಬಾಟಲಿ. ಮೂರನೇ ತಿಂಗಳಿಗೆ ಅವನು ಎದೆಗೆ ಬಾಯಿ ಹಾಕುವುದನ್ನೇ ಬಿಟ್ಟ. ಅವನಿಗೀಗ ಏನೂ ಕಮ್ಮಿಯಿಲ್ಲ, ಆದರೆ ಅವತ್ತು ಪಕ್ಕದಲ್ಲಿ ಕೂತು "ಮೂರು ದಿನ ತಡಿ ಮಾರಾಯ್ತಿ" ಎನ್ನುವವರು ಒಬ್ಬರಿದ್ದಿದ್ದರೆ ಎಂದು ಇವತ್ತಿಗೂ ಅನ್ನಿಸುತ್ತದೆ.

ಎದೆ ಕಟ್ಟುವುದು ನಿಂತದ್ದೂ ಹಾಲು ಬತ್ತಿದ್ದರಿಂದಲ್ಲ. ಮೊದಲ ವಾರಗಳಲ್ಲಿ ದೇಹಕ್ಕೆ ಅಂದಾಜು ಸಿಗದೆ ಬೇಕಾದ್ದಕ್ಕಿಂತ ಹೆಚ್ಚು ಮಾಡುತ್ತದೆ. ಒಂದೂವರೆ ತಿಂಗಳ ಹೊತ್ತಿಗೆ ಮಗು ಕುಡಿಯುವಷ್ಟಕ್ಕೆ ಹೊಂದಿಕೊಳ್ಳುತ್ತದೆ, ಎದೆ ಮೆತ್ತಗಾಗುತ್ತದೆ. "ತೆಳು ಹಾಲು" ಎನ್ನುವುದಕ್ಕೂ ಉತ್ತರ ಇದೆ: ತುಂಬಿದ ಎದೆಯಿಂದ ಮೊದಲು ಬರುವ ಹಾಲು ನೀರಾಗಿ, ನೀಲಿ ಛಾಯೆಯಲ್ಲಿ ಕಾಣುತ್ತದೆ. ಎದೆ ಖಾಲಿಯಾದಷ್ಟೂ ಕೊಬ್ಬಿನಂಶ ಏರುತ್ತದೆ. ಸಂಜೆ ಮತ್ತೆ ಮತ್ತೆ ಕುಡಿಯುವ ಮಗುವಿಗೆ ಸಿಗುವುದು ಹೆಚ್ಚಾಗಿ ಈ ಗಟ್ಟಿ ಹಾಲು.

ನಿದ್ದೆಯ ವಿಷಯ ಇನ್ನೂ ಕುತೂಹಲದ್ದು. ಹಸಿವಿನ ದಿನಗಳಲ್ಲಿ ನಿದ್ದೆ ತುಂಡಾಗುತ್ತದೆ, ಅದನ್ನು ನೀವು ನೋಡುತ್ತಲೇ ಇದ್ದೀರಿ. ಆಮೇಲೆ ಒಂದೆರಡು ದಿನ ಮಾಮೂಲಿಗಿಂತ ಹೆಚ್ಚು ಹೊತ್ತು ಮಲಗಬಹುದು. ಅದೇ ಲ್ಯಾಂಪ್ಲ್ ಅವರು 23 ಶಿಶುಗಳ ನಿದ್ದೆ ಮತ್ತು ಉದ್ದ ಎರಡನ್ನೂ ಗಮನಿಸಿ 2011ರಲ್ಲಿ ವರದಿ ಮಾಡಿದರು. ಕೆಲವು ಸಲ ಎರಡು ದಿನಗಳ ಕಾಲ ದಿನಕ್ಕೆ ಸರಾಸರಿ ನಾಲ್ಕೂವರೆ ಗಂಟೆಯಷ್ಟು ಹೆಚ್ಚು ನಿದ್ದೆ, ಅದಾಗಿ 48 ಗಂಟೆಯೊಳಗೆ ಉದ್ದದಲ್ಲಿ ಬೆಳವಣಿಗೆ. ಹಾಗಾಗಿ ಹಾಲು ಚೆನ್ನಾಗಿ ಕುಡಿದು, ಎದ್ದಾಗ ಲವಲವಿಕೆಯಿಂದಿರುವ ಮಗು ಒಂದು ದಿನ ಹೆಚ್ಚು ಮಲಗಿದರೆ ದೃಷ್ಟಿಯಾಯಿತೆಂದು ಗಾಬರಿಯಾಗಬೇಡಿ. ರಾತ್ರಿ ಅಂಗಾತ ಮಲಗಿಸಿ. ಎಷ್ಟೇ ಚಳಿಯಿರಲಿ, ಕಂಬಳಿ ಮುಖದ ಹತ್ತಿರ ಬರದಿರಲಿ.

ಇನ್ನೊಂದು ಗೊಂದಲ ಇದೇ ವಾರದಲ್ಲಿ ಬರುತ್ತದೆ. ಆರು ವಾರಕ್ಕೆ ಪೆಂಟಾವೇಲೆಂಟ್, ಪೋಲಿಯೊ, ರೋಟಾ ಲಸಿಕೆಗಳು. ಚುಚ್ಚಿದ ಮೇಲೆ ಒಂದೆರಡು ದಿನ ಮೈ ಬಿಸಿ, ಕಿರಿಕಿರಿ, ಅಳು ಇರುತ್ತದೆ. ಜೊತೆಗೆ, ಮಕ್ಕಳ ಸಂಜೆಯ ಅಳು ತುದಿ ಮುಟ್ಟುವುದೂ ಸುಮಾರು ಆರು ವಾರಕ್ಕೇ. ಮೂರು ನಾಲ್ಕು ತಿಂಗಳಿಗೆ ಅದು ತಾನಾಗಿಯೇ ಇಳಿಯುತ್ತದೆ. ಮೂರೂ ಒಟ್ಟಿಗೆ ಸೇರಿದರೆ ಪ್ರತಿ ಅಳುವೂ ಹಸಿವಿನ ಅಳುವಿನಂತೆಯೇ ಕೇಳುತ್ತದೆ. ಎದೆಗೆ ಹಿಡಿದರೂ ಒಲ್ಲೆ ಎಂದರೆ ಎತ್ತಿಕೊಂಡು ಜಗಲಿಯಲ್ಲಿ ಓಡಾಡಿ.

ಏನು ಕೊಡಬಾರದು ಎನ್ನುವುದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ನೀರು ಬೇಡ, ಎದೆಹಾಲಿನಲ್ಲಿ ನೂರಕ್ಕೆ ಸುಮಾರು 88 ಭಾಗ ನೀರೇ. ಜೇನುತುಪ್ಪ ವರ್ಷ ತುಂಬುವವರೆಗೆ ಬೇಡವೇ ಬೇಡ, ಅದರಿಂದ ಬಾಟುಲಿಸಂ ಎಂಬ ಪ್ರಾಣಕ್ಕೆ ಕುತ್ತು ತರುವ ಕಾಯಿಲೆ ಬರಬಹುದು. ಬಜೆ ತೇಯ್ದು ನೆಕ್ಕಿಸುವುದು, ಗ್ರೈಪ್ ವಾಟರ್, ಇವೂ ಬೇಡ. ಬಾಣಂತಿ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ತುಂಬುವುದೂ ಪುಟ್ಟ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಹಾಗಂತ ಎಲ್ಲಾ ಅಳುವನ್ನೂ ಬೆಳವಣಿಗೆಯ ಲೆಕ್ಕಕ್ಕೆ ಹಾಕಿ ಕೂರುವುದು ಅಪಾಯ. ಬೆಳೆಯುವ ಮಗು ಹೆಚ್ಚು ಕುಡಿಯುತ್ತದೆ, ಕಾಯಿಲೆಯ ಮಗು ಕುಡಿಯುವುದನ್ನು ಬಿಡುತ್ತದೆ. ಎದೆ ಹಿಡಿಯದೆ ಬಳಲಿ ಮಲಗಿದರೆ, ಎಬ್ಬಿಸಿದರೂ ಸರಿಯಾಗಿ ಕಣ್ಣು ಬಿಡದಿದ್ದರೆ, ಕಂಕುಳಲ್ಲಿ ಜ್ವರ 37.5 ಡಿಗ್ರಿ ಸೆಲ್ಸಿಯಸ್ ಅಂದರೆ 99.5 ಫ್ಯಾರನ್‌ಹೀಟ್ ಮುಟ್ಟಿದರೆ, ಮೈ ತಣ್ಣಗಾದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾಡಿದರೆ, ಪಕ್ಕೆ ಒಳಸೆಳೆದರೆ, ಫಿಟ್ಸ್ ಬಂದರೆ, ಒದ್ದೆ ಬಟ್ಟೆ ದಿನಕ್ಕೆ ಮೂರು ನಾಲ್ಕಕ್ಕೆ ಇಳಿದರೆ ಬೆಳಗಾಗಲಿ ಎಂದು ಕಾಯಬೇಡಿ. ತೀರ್ಥಹಳ್ಳಿ ತಾಲ್ಲೂಕು ಆಸ್ಪತ್ರೆಯೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೋ, ಬೇಗ ತಲುಪುವಲ್ಲಿಗೆ ಹೊರಡಿ, 108ಕ್ಕೆ ಕರೆ ಮಾಡಿ. ಮಳೆಗಾಲದಲ್ಲಿ ನಮ್ಮ ರಸ್ತೆಗಳನ್ನು ನಂಬಿ ತಡಮಾಡುವಂತಿಲ್ಲ. ಲಸಿಕೆ ಹಾಕಿಸಿ ಎರಡೇ ದಿನವಾಗಿದ್ದು ಬರೀ ಮೈ ಬಿಸಿ ಇದ್ದರೂ ಆಶಾ ಕಾರ್ಯಕರ್ತೆಗೋ ನರ್ಸಿಗೋ ಫೋನ್ ಮಾಡಿ ಕೇಳಿ.

ಹಾಲು ಸಾಲುತ್ತಿದೆಯೇ ಎನ್ನುವುದಕ್ಕೆ ಕೊನೆಯ ಮಾತು ತಕ್ಕಡಿಯದು. ಹುಟ್ಟಿದ ಎರಡು ವಾರದೊಳಗೆ ಮಗು ಹುಟ್ಟುತೂಕಕ್ಕೆ ಮರಳಬೇಕು, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. 2.8 ಕೆ.ಜಿ. ಹುಟ್ಟಿದ ಮಗು ಈಗ ಸುಮಾರು 3.4ರಿಂದ 3.6 ಕೆ.ಜಿ. ಇರುತ್ತದೆ. ಆಶಾ ಕಾರ್ಯಕರ್ತೆಯ 42ನೇ ದಿನದ ಭೇಟಿ ಬರುವುದು ಇದೇ ವಾರ, ತೂಕ ಮಾಡಿಸಿ ತಾಯಿ ಕಾರ್ಡಿನಲ್ಲಿ ಬರೆಸಿ. ತೂಕ ಏರಿರದಿದ್ದರೆ ಆಗ ವೈದ್ಯರನ್ನು ಕಾಣಿ. ಮಗು ಎದೆ ಕಚ್ಚಿಕೊಳ್ಳುವ ರೀತಿ ತಪ್ಪಿರಬಹುದು, ಅದನ್ನು ಸರಿಮಾಡಲು ಬರುತ್ತದೆ.

ಇನ್ನು ನಿಮ್ಮ ಊಟ. ಬಾಣಂತಿ ನೀರು ಕುಡಿಯಬಾರದು ಎಂಬ ಕಟ್ಟುಪಾಡು ಮನೆಯಲ್ಲಿದ್ದರೆ ದಯವಿಟ್ಟು ಅದನ್ನು ಮುರಿಯಿರಿ, ಬಾಯಾರಿದಷ್ಟೂ ಕುಡಿಯಿರಿ. ಮೆಣಸಿನ ಸಾರು, ಸಬ್ಬಸಿಗೆ ಪಲ್ಯ, ತುಪ್ಪದ ಅನ್ನ ಎಲ್ಲ ಇರಲಿ, ಜೊತೆಗೆ ಬೇಳೆ, ಸೊಪ್ಪು, ಹಣ್ಣೂ ಇರಲಿ. ದೊಡ್ಡಮ್ಮನಿಗೂ ಒಂದು ಕೆಲಸ ಕೊಡಿ: ಮಧ್ಯಾಹ್ನ ಮೂರಕ್ಕೆ ಹಾಲು ಕುಡಿಸಿ ಮಗುವನ್ನು ಅವರ ಕೈಗಿತ್ತು ಮಲಗಿಬಿಡಿ. ಅತ್ತರೆ ಅವರೇ ಎಬ್ಬಿಸಲಿ. ಸಂಜೆ ಆರಕ್ಕೆ ಆ ನಾಲ್ಕು ಗಂಟೆ ಕೂರಲು ನಿಮಗೆ ಆ ನಿದ್ದೆ ಬೇಕು.