ಫೇಡರ್ ಇಳಿಸಿದರೂ ಧ್ವನಿ ಒಡೆಯುತ್ತದೆ, ಗೇನ್ ಎಷ್ಟಕ್ಕೆ ಇಡಬೇಕು?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಹಳ್ಳಿ. ಊರಹಬ್ಬಕ್ಕೆ ಪೌರಾಣಿಕ ನಾಟಕ ಆಡುತ್ತೇವೆ. ಮಿಕ್ಸರ್ ಮುಂದೆ ಕೂರುವವನು ನಾನೇ. ಪಾತ್ರಧಾರಿಗಳು ಏರುಸ್ವರದಲ್ಲಿ ಹಾಡಿದರೆ ಧ್ವನಿ ಒಡೆಯುತ್ತದೆ. ಫೇಡರ್ ಇಳಿಸಿದರೂ ಒಡಕು ಹೋಗಲ್ಲ. ಗೇನ್ ಎಷ್ಟಕ್ಕೆ ಇಡಬೇಕು?

ಉತ್ತರ: ಫೇಡರ್ ಇಳಿಸಿದರೂ ಒಡಕು ಹೋಗಲ್ಲ ಅಂದಿರಲ್ಲ, ಕಾರಣ ಅಲ್ಲೇ ಇದೆ. ಧ್ವನಿ ಫೇಡರ್ ತನಕ, ಅಂದರೆ ಮೇಲೆ ಕೆಳಗೆ ಜಾರಿಸುವ ಆ ಗುಂಡಿಯ ತನಕ, ಬರುವ ಮೊದಲೇ ಒಡೆದಿರುತ್ತದೆ.

ಮೈಕ್ ಕೊಡುವುದು ಕೆಲವೇ ಮಿಲಿವೋಲ್ಟ್. ಮಿಕ್ಸರ್ ಒಳಗಿನ ಕೆಲಸ ನಡೆಯುವುದು ಸುಮಾರು 1 ವೋಲ್ಟ್ ಮಟ್ಟದಲ್ಲಿ. ಆ ಮಟ್ಟಕ್ಕೆ ಎತ್ತುವುದೇ ಗೇನ್. ನಿಮ್ಮೂರಿನ ನಾಲೆಯನ್ನೇ ನೋಡಿ. ತೂಬಿನಲ್ಲೇ ನೀರು ಕದಡಿ ಬಂದರೆ ಗದ್ದೆಯ ಬಾಯಲ್ಲಿ ಅದನ್ನು ಕಡಿಮೆ ಮಾಡಬಹುದು, ತಿಳಿ ಮಾಡಲು ಆಗಲ್ಲ. ಗೇನ್ ಅಂದರೆ ತೂಬು, ಫೇಡರ್ ಗದ್ದೆಯ ಬಾಯಿ. ಹಾಗಂತ ಗೇನ್ ತೀರಾ ಕಡಿಮೆ ಇಟ್ಟರೆ ಮುಂದೆ ಎಲ್ಲವನ್ನೂ ಏರಿಸಬೇಕಾಗುತ್ತದೆ, ಆಗ ಸುಯ್ ಅನ್ನುವ ಸದ್ದೂ ಜೊತೆಗೆ ಏರುತ್ತದೆ.

ಗುಂಡಿಯನ್ನು 12 ಗಂಟೆಯ ಮುಳ್ಳಿನ ಹಾಗೆ ನೆಟ್ಟಗೆ ಇಡಿ ಅಂತ ಕೆಲವರು ಹೇಳಿಕೊಡುತ್ತಾರೆ. ನಾನು ಒಪ್ಪಲ್ಲ. ಮೈಕ್ ಬೇರೆ, ಗಂಟಲು ಬೇರೆ. ಭೀಮನ ಪಾತ್ರಧಾರಿಯನ್ನೇ ವೇದಿಕೆಗೆ ಕರೆಯಿರಿ. 'ಹಲೋ ಹಲೋ' ಬೇಡ. ಅವರು ಅತಿ ಜೋರಾಗಿ ಹಾಡುವ ಸಾಲನ್ನೇ ಹಾಡಿಸಿ. ಫೇಡರ್ ಇಳಿಸಿಟ್ಟು, ಪಿಎಫ್‌ಎಲ್ (ಫೇಡರ್‌ಗಿಂತ ಮೊದಲಿನ ಮಟ್ಟವನ್ನು ಮೀಟರ್‌ನಲ್ಲಿ ತೋರಿಸುವ ಗುಂಡಿ) ಒತ್ತಿ, ಮೀಟರ್ ನೋಡುತ್ತಾ ಗೇನ್ ಏರಿಸಿ. ಕೆಂಪು ದೀಪ ಮಿನುಗಿದರೆ ಹಿಂದಕ್ಕೆ ಬನ್ನಿ, ಮತ್ತೆ 6 ಡೆಸಿಬೆಲ್‌ನಷ್ಟು ಇಳಿಸಿ. ಜನ ಸೇರಿ ಶಿಳ್ಳೆ ಬಿದ್ದ ಮೇಲೆ ಅದೇ ಗಂಟಲು ಇನ್ನೂ ಏರುತ್ತದೆ ಅಲ್ವಾ? ಆ ಜಾಗ ಅದಕ್ಕೆ. ಮಂಡ್ಯದ ಹತ್ತಿರ ಒಂದು ನಾಟಕದಲ್ಲಿ ನಾನು ಬರೀ ಮಾತು ಕೇಳಿ ಗೇನ್ ಇಟ್ಟಿದ್ದೆ. ದುರ್ಯೋಧನನ ಮೊದಲ ಕಂದಪದ್ಯಕ್ಕೇ ಕೆಂಪು ದೀಪ ಹತ್ತಿದ್ದು ಆರಲೇ ಇಲ್ಲ. ಅಷ್ಟು ದಿನ ಅಭ್ಯಾಸ ಮಾಡಿದ ಆ ಹಾಡು ಊರಿಗೆ ಒಡಕಾಗಿ ಕೇಳಿತು. ಆ ಬೇಸರ ಇನ್ನೂ ಹೋಗಿಲ್ಲ.

ಡಿಜಿಟಲ್ ಮಿಕ್ಸರ್ ಆದರೆ ಮೀಟರ್ ಮೈನಸ್ 18ರ ಆಸುಪಾಸು ಆಡಲಿ, ಏರುಸ್ವರಕ್ಕೆ ಮೈನಸ್ 10, ತೀರಾ ಜಾಸ್ತಿ ಅಂದರೆ ಮೈನಸ್ 6. ಅಲ್ಲಿ 0 ಅಂದರೆ ಕೊನೆ. ಅನಲಾಗ್‌ನ 0 ಹಾಗಲ್ಲ, ಅದರ ಮೇಲೂ ಜಾಗ ಇರುತ್ತದೆ. ಈ ಎರಡು ಸೊನ್ನೆಗಳನ್ನು ಒಂದೇ ಅಂದುಕೊಳ್ಳಬೇಡಿ.

ಆಮೇಲೆ ಫೇಡರ್ ಅನ್ನು ಅದರ ಪಕ್ಕ ಬರೆದಿರುವ 0 ಗುರುತಿನ ಹತ್ತಿರ ತನ್ನಿ. ಅಲ್ಲಿ ಬೆರಳು ಸ್ವಲ್ಪ ಜರುಗಿದರೆ ಧ್ವನಿಯೂ ಸ್ವಲ್ಪವೇ ಬದಲಾಗುತ್ತದೆ. ಕೆಳಗಡೆ ಹಾಗಲ್ಲ, ಚೂರು ಸರಿದರೂ ದಡಕ್ಕನೆ ಇಳಿಯುತ್ತದೆ. ಒಟ್ಟು ಸದ್ದು ಜಾಸ್ತಿ ಅನ್ನಿಸಿದರೆ ಆಂಪ್ಲಿಫೈಯರ್ ಇಳಿಸಿ.

ಮೈಕ್ ಕುಂಯ್ ಅಂದಾಗ ಗೇನ್ ಇಳಿಸಿ ಫೇಡರ್ ಅಷ್ಟೇ ಏರಿಸಿದರೆ ಏನೂ ಲಾಭವಿಲ್ಲ. ಸ್ಪೀಕರ್‌ಗೆ ಹೋಗುವ ಮಟ್ಟ ಮೊದಲಿನಷ್ಟೇ ಇರುತ್ತದೆ. ತೂಗುಹಾಕಿದ ಮೈಕ್‌ಗಳಲ್ಲಿ ಪಾತ್ರಧಾರಿ ನಿಂತ ಕಡೆಯದನ್ನು ಮಾತ್ರ ತೆರೆದಿಡಿ. ತೆರೆದ ಮೈಕ್ 2 ಇದ್ದದ್ದು 4 ಆದರೆ, ಕುಂಯ್ ಅನ್ನದೆ ಏರಿಸಬಹುದಾದ ಮಟ್ಟ ಸುಮಾರು 3 ಡೆಸಿಬೆಲ್ ಕಡಿಮೆಯಾಗುತ್ತದೆ. ಬಾಯಿಗೂ ಮೈಕ್‌ಗೂ ಇರುವ ದೂರ ಅರ್ಧಕ್ಕೆ ಇಳಿದರೆ ಸುಮಾರು 6 ಡೆಸಿಬೆಲ್ ಸುಮ್ನೆ ಸಿಗುತ್ತದೆ.

ನಾಟಕ ನಡೆಯುವಾಗಲೇ ಒಡಕು ಬಂದರೆ ಗೇನ್ ನಿಧಾನವಾಗಿ ಇಳಿಸಿ, ಫೇಡರ್ ಏರಿಸಿ. ಆದರೆ ಮಾನಿಟರ್‌ಗೆ (ವೇದಿಕೆಯವರಿಗೇ ಕೇಳಿಸಲು ಇಟ್ಟ ಸ್ಪೀಕರ್‌ಗೆ) ಹೋಗುವ ಧ್ವನಿ ಸಾಮಾನ್ಯವಾಗಿ ಗೇನ್ ಆದ ಮೇಲೆ, ಫೇಡರ್‌ಗಿಂತ ಮೊದಲೇ ಕವಲೊಡೆಯುತ್ತದೆ. ನೀವು ಗೇನ್ ಇಳಿಸಿದ ತಕ್ಷಣ ಹಾರ್ಮೋನಿಯಂ ಮೇಷ್ಟ್ರಿಗೆ ಹಾಡುವವರ ದನಿ ಕೇಳಿಸದೆ ಹೋಗಬಹುದು. ಆ ಚಾನೆಲ್‌ನ ಮಾನಿಟರ್ ಗುಂಡಿಯನ್ನೂ ಅಷ್ಟೇ ಏರಿಸಿ, ಮೇಷ್ಟ್ರ ಮುಖ ನೋಡಿ. ಅವರು ತಲೆಯಾಡಿಸಿದ ಮೇಲೆ ಕೈ ತೆಗೆಯಿರಿ.