ಬಿಲ್ ವಿದರ್ಸ್ ಹಾಡು ನಿಲ್ಲಿಸಿದ್ದೇಕೆ?

ಅಮೆರಿಕದ ಗಾಯಕ, ಗೀತರಚನಕಾರ ಬಿಲ್ ವಿದರ್ಸ್ 2015ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದಾಗ, ಅವರ ಕೊನೆಯ ಆಲ್ಬಂ ಹೊರಬಂದು ಮೂವತ್ತು ವರ್ಷಗಳಾಗಿದ್ದವು. ಕೇಳುಗರ ಪ್ರೀತಿ ಬತ್ತದಿರುವಾಗಲೇ ಅವರು ಮೌನಕ್ಕೆ ಸರಿದದ್ದನ್ನು ಅರ್ಥಮಾಡಿಕೊಳ್ಳಲು ಅವರು ಹಾಡುಗಾರಿಕೆಗೆ ಬಂದ ದಾರಿಯನ್ನು ನೋಡಬೇಕು.

ವಿದರ್ಸ್ ಹುಟ್ಟಿದ್ದು 1938ರಲ್ಲಿ, ವೆಸ್ಟ್ ವರ್ಜೀನಿಯಾದ ಸ್ಲ್ಯಾಬ್ ಫೋರ್ಕ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ. ಬಾಲ್ಯದಲ್ಲಿ ಅವರಿಗೆ ಮಾತು ತೊದಲುತ್ತಿತ್ತು. ಹದಿಮೂರರ ವಯಸ್ಸಿಗೆ ತಂದೆಯನ್ನು ಕಳೆದುಕೊಂಡರು. ಒಂಬತ್ತು ವರ್ಷ ನೌಕಾಪಡೆಯಲ್ಲಿದ್ದು, 1967ರಲ್ಲಿ ಲಾಸ್ ಏಂಜಲೀಸ್‌ಗೆ ಬಂದು, ವಿಮಾನಗಳಿಗೆ ಶೌಚಾಲಯ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. 1971ರಲ್ಲಿ ಸಸೆಕ್ಸ್ ಕಂಪನಿ ಹೊರತಂದ ಮೊದಲ ಆಲ್ಬಂನ ಮುಖಪುಟದಲ್ಲಿ ಅವರು ಕೈಯಲ್ಲಿ ಊಟದ ಡಬ್ಬಿ ಹಿಡಿದು ನಿಂತಿರುವುದು ಆ ಕಾರ್ಖಾನೆಯ ಎದುರಿನಲ್ಲೇ. ಸಂಗೀತದ ವ್ಯಾಪಾರವನ್ನು ನಂಬದ ಅವರು ಆಗಲೂ ನೌಕರಿ ಬಿಟ್ಟಿರಲಿಲ್ಲ.

ಅದೇ ಆಲ್ಬಂನ ‘ಏಂಟ್ ನೋ ಸನ್‌ಶೈನ್’ ಹಾಡಿನಲ್ಲಿ ‘ಐ ನೋ’ ಎಂಬ ಎರಡೇ ಪದಗಳು 26 ಬಾರಿ ಮರುಕಳಿಸುತ್ತವೆ. ಅಲ್ಲಿಗೆ ಬೇರೆ ಸಾಲು ಬರೆಯಬೇಕೆಂದಿದ್ದ ವಿದರ್ಸ್, ಜೊತೆಯ ವಾದಕರ ಮಾತಿಗೆ ಮಣಿದು ಹಾಗೇ ಬಿಟ್ಟರು. ಮರುವರ್ಷ ಬಂದ ‘ಲೀನ್ ಆನ್ ಮಿ’ ಹಾಡಿನಲ್ಲಿ ಇರುವುದು ಗಣಿಯೂರಿನ ನೆರೆಹೊರೆ, ಕಷ್ಟಕ್ಕೆ ಒಬ್ಬರಿಗೊಬ್ಬರು ಆಗುತ್ತಿದ್ದ ಬಾಳು. ಪಿಯಾನೊ ಕಲಿಯತೊಡಗಿದವರೂ ನುಡಿಸಬಲ್ಲ ಅದರ ರಾಗ, ನನ್ನ ಮಟ್ಟಿಗೆ, ಅವರ ರಚನೆಗಳಲ್ಲೆಲ್ಲ ಹೆಚ್ಚು ಗಟ್ಟಿಯಾದದ್ದು.

1975ರಲ್ಲಿ ಸಸೆಕ್ಸ್ ಮುಚ್ಚಿತು. ವಿದರ್ಸ್ ಕೊಲಂಬಿಯಾ ಕಂಪನಿ ಸೇರಿದರು. ತೊಡಕು ಶುರುವಾದದ್ದು ಅಲ್ಲಿ. ಏನು ಹಾಡಬೇಕೆಂದು ಕಂಪನಿಯವರು ಹೇಳಿಕೊಡತೊಡಗಿದರೆಂದೂ, ಎಲ್ವಿಸ್ ಪ್ರೀಸ್ಲಿಯ ಹಳೆಯ ಹಾಡೊಂದನ್ನು ಮತ್ತೆ ಹಾಡುವಂತೆ ಸಲಹೆ ಬಂತೆಂದೂ ವಿದರ್ಸ್ ಮುಂದೆ ಕಹಿಯಿಂದಲೇ ನೆನೆಯುತ್ತಿದ್ದರು. 1978ರಿಂದ 1985ರವರೆಗೆ ಅವರ ಹೆಸರಿನಲ್ಲಿ ಒಂದು ಹೊಸ ಆಲ್ಬಂ ಕೂಡ ಬರಲಿಲ್ಲ. ಈ ನಡುವೆ 1981ರಲ್ಲಿ ಜನಪ್ರಿಯವಾದ ‘ಜಸ್ಟ್ ದ ಟೂ ಆಫ್ ಅಸ್’ ಹಾಡು ಸ್ಯಾಕ್ಸೊಫೋನ್ ವಾದಕ ಗ್ರೋವರ್ ವಾಷಿಂಗ್‌ಟನ್ ಜೂನಿಯರ್ ಅವರ ಆಲ್ಬಂನದು, ಅದನ್ನು ಹೊರತಂದದ್ದೂ ಬೇರೆ ಕಂಪನಿ.

ಮೂವತ್ತು ದಾಟಿದ ಮೇಲೆ ಹಾಡಲು ಬಂದವರಿಗೆ, ಹಾಡದೆಯೂ ಬದುಕಬಹುದೆಂಬುದು ಚೆನ್ನಾಗಿ ಗೊತ್ತಿತ್ತು. 1985ರ ಆಲ್ಬಂ ಮುಗಿಸಿ ಅವರು ಮನೆ, ಮಕ್ಕಳ ಕಡೆಗೆ ತಿರುಗಿದರು. ಎರಡೇ ವರ್ಷದಲ್ಲಿ ಕ್ಲಬ್ ನೂವೋ ಎಂಬ ತಂಡ ಹಾಡಿದ ‘ಲೀನ್ ಆನ್ ಮಿ’ ಅಮೆರಿಕದ ಪಟ್ಟಿಯಲ್ಲಿ ಮತ್ತೆ ಮೊದಲ ಸ್ಥಾನಕ್ಕೇರಿ, ಅದನ್ನು ಬರೆದ ವಿದರ್ಸ್‌ಗೆ ಮೂರನೆಯ ಗ್ರ್ಯಾಮಿ ಪ್ರಶಸ್ತಿ ತಂದಿತು.